ಸೀಳುವ ಯಂತ್ರವೋ, ಹೆರೆಯುವ ಯಂತ್ರವೋ: ಚರ್ಮದ ಕೆಲಸದವರು ಯಾವುದನ್ನು ಕೊಳ್ಳಬೇಕು

ವ್ಯಾಲೆಟ್ ಹೊಲಿಯಲು ಕಲಿತವರೆಲ್ಲ ಒಂದಲ್ಲ ಒಂದು ದಿನ ಈ ಲೆಕ್ಕಕ್ಕೆ ಬಂದು ಮುಟ್ಟುತ್ತಾರೆ. ಹೊರಗಿನ ಚರ್ಮ 1.2 ಮಿ.ಮೀ. ಒಳಗೆ ಕಾರ್ಡ್ ಇಡಲು ಮೂರು ಜೇಬು, ತಲಾ 1 ಮಿ.ಮೀ. ಅಸ್ತರು 0.8. ಎಲ್ಲ ಅಂಚಿನಲ್ಲಿ ಒಟ್ಟಾದಾಗ 5 ಮಿ.ಮೀ., ಮಡಚಿದರೆ ಒಂದು ಸೆಂಟಿಮೀಟರ್. ಅದನ್ನು ಹಿಂದಿನ ಜೇಬಿನಲ್ಲಿ ಇಟ್ಟುಕೊಂಡು ಬಸ್ಸಿನಲ್ಲಿ ಕುಳಿತವರು ಮಂಗಳೂರಿನಿಂದ ಉಡುಪಿ ಮುಟ್ಟುವಷ್ಟರಲ್ಲಿ ಒಂದು ಬದಿಗೆ ವಾಲಿರುತ್ತಾರೆ. ಪ್ರತಿ ತುಂಡಿನ ಅಂಚನ್ನು ಅರ್ಧಕ್ಕೆ ಇಳಿಸಿದರೆ ಅದೇ ವ್ಯಾಲೆಟ್ಟಿನ ಅಂಚು ಎರಡೂವರೆ ಮಿ.ಮೀ.ಗೆ ಬರುತ್ತದೆ. ಅಂಗಡಿಯ ಮಾಲಿಗೂ ಮನೆಯಲ್ಲಿ ಹೊಲಿದದ್ದಕ್ಕೂ ಕಾಣುವ ವ್ಯತ್ಯಾಸದಲ್ಲಿ ಮುಕ್ಕಾಲು ಪಾಲು ಇದೇ.

ಹೀಗೆ ಅಂಚನ್ನು ಇಳಿಜಾರಾಗಿ ತೆಳುಮಾಡುವುದಕ್ಕೆ ಸ್ಕೈವಿಂಗ್ ಎನ್ನುತ್ತಾರೆ. ನಾನು ಹೆರೆಯುವುದು ಎನ್ನುತ್ತೇನೆ. ಹೆರೆಮಣೆಯ ಮೇಲೆ ಕುಳಿತು ಕಾಯಿ ಹೆರೆದವರಿಗೆ ಈ ಶಬ್ದವನ್ನು ಬಿಡಿಸಿ ಹೇಳಬೇಕಾಗಿಲ್ಲ. ಸ್ಪ್ಲಿಟಿಂಗ್ ಬೇರೆ. ಚರ್ಮದ ಇಡೀ ಅಗಲವನ್ನು ಒಂದೇ ದಪ್ಪಕ್ಕೆ ತರಲು ಮೇಲಿನ ಪದರವನ್ನೂ ಕೆಳಗಿನ ಪದರವನ್ನೂ ಬೇರ್ಪಡಿಸಿ ಸೀಳುವುದು ಅದು. ಈ ಎರಡನ್ನು ಒಂದೇ ಎಂದುಕೊಂಡು ತಪ್ಪು ಯಂತ್ರ ತಂದವರು ನನಗೆ ಗೊತ್ತಿದ್ದಂತೆ ಮೂವರು. ಅವರಲ್ಲಿ ಒಬ್ಬ ನಾನು.

ನಮ್ಮ ಚಾವಡಿಯಲ್ಲಿ ಈಗ ನಾಲ್ಕು ಯಂತ್ರಗಳಿವೆ. ಎರಡು ಪ್ರತಿದಿನವೂ ದುಡಿಯುತ್ತವೆ, ಒಂದು ಆಗೊಮ್ಮೆ ಈಗೊಮ್ಮೆ. ನಾಲ್ಕನೆಯದನ್ನು ಸುಮ್ಮನೆ ನೋಡಲಿಕ್ಕೆ ಇಟ್ಟುಕೊಂಡದ್ದು, ಮನೆಯವರ ಮುಂದೆ ಮಾತ್ರ ಅದೂ ದುಡಿಯುತ್ತದೆ ಎಂದೇ ಹೇಳುವುದು. ಕೊಳ್ಳುವ ಆತುರದಲ್ಲಿರುವವರಿಗೆ ಉತ್ತರ ಇಲ್ಲೇ ಇದೆ: ವ್ಯಾಲೆಟ್, ಪರ್ಸು, ಚೀಲ ಮಾಡುವವರು ಗಂಟೆ ಅಲಗಿನ (ಗಂಟೆಯ ಆಕಾರದ ಅಲಗು ತಿರುಗುವ) ಹೆರೆಯುವ ಯಂತ್ರ ತೆಗೆದುಕೊಳ್ಳಿ. ಬೆಲ್ಟು, ಪಟ್ಟಿ, ನಾಟ್ಯದ ಗೆಜ್ಜೆಯ ಪಟ್ಟಿ ಮಾಡುವವರಿಗೆ ಕೈಯಲ್ಲಿ ತಿರುಗಿಸುವ ಸೀಳುವ ಯಂತ್ರ ಸಾಕು. ಇಡೀ ಚರ್ಮವನ್ನೇ ತೆಳುಮಾಡಬೇಕಾದರೆ ಯಂತ್ರ ಬೇಡ, ಚರ್ಮ ಕೊಳ್ಳುವ ಊರಿನಲ್ಲೇ ಸೀಳಿಸಿಕೊಂಡು ಬನ್ನಿ.

ರಂಪಿಗೆ ಇದ್ದರೆ ಯಂತ್ರ ಎಂತಕ್ಕೆ?

ರಂಪಿಗೆ ಎಂದರೆ ಚರ್ಮ ಹೆರೆಯುವ ಕೈಯುಳಿ. ಈ ಪ್ರಶ್ನೆ ನನ್ನದಲ್ಲ. ಪೇಟೆಯಲ್ಲಿ ಚಪ್ಪಲಿ ಹೊಲಿಯುವ ಹಿರಿಯರೊಬ್ಬರು ಕೇಳಿದ್ದು. ನಾನು ಯಂತ್ರದ ಚಿತ್ರ ತೋರಿಸಿದಾಗ ಅವರು ಕಣ್ಣೆತ್ತಿ ಒಮ್ಮೆ ನೋಡಿ, "ಅದೆಲ್ಲ ಎಂತಕ್ಕೆ ಮಾರಾಯ್ರೆ, ಕೈ ಉಂಟಲ್ಲ" ಎಂದರು. ಆಮೇಲೆ ಹಳೆಯ ಕಡಪ ಕಲ್ಲಿನ ತುಂಡಿನ ಮೇಲೆ ಪಟ್ಟಿಯ ತುದಿ ಇಟ್ಟರು. ಎಡಗೈ ಬೆರಳುಗಳಿಂದ ಅದನ್ನು ಒತ್ತಿ ಹಿಡಿದು ರಂಪಿಗೆಯನ್ನು ಮೈಯಿಂದ ಆಚೆಗೆ ಮೂರು ಸಲ ದೂಡಿದರು. ಮೂರನೆಯ ಸಲಕ್ಕೆ ಹೆರಕಲು ಈರುಳ್ಳಿ ಸಿಪ್ಪೆಯ ಹಾಗೆ ಸುರುಳಿಯಾಗಿ ಬಂತು. ತುದಿಯನ್ನು ಬೆಳಕಿಗೆ ಹಿಡಿದರೆ ಎಲ್ಲಿಯೂ ಗುಳಿ ಇಲ್ಲ.

ದಿನಕ್ಕೆ ಎರಡೋ ಮೂರೋ ವಸ್ತು ಮಾಡುವವರಿಗೆ ಅವರ ಮಾತೇ ಸರಿ. ಒಂದು ರಂಪಿಗೆ, ಒಂದು ನುಣುಪು ಕಲ್ಲು, ಸಾಣೆಕಲ್ಲು, ಹಲಗೆಗೆ ಅಂಟಿಸಿದ ಚರ್ಮದ ಪಟ್ಟಿ ಇದ್ದರೆ ಆಯಿತು. ಕೈ ಸೋಲುವುದು ಒಂದೇ ಅಳತೆಯ ಐವತ್ತು ಜೇಬು ಒಟ್ಟಿಗೆ ಬಂದಾಗ. ಹತ್ತನೆಯ ತುಂಡಿನ ಹೊತ್ತಿಗೆ ಅಲಗು ಮೊಂಡಾಗಿರುತ್ತದೆ, ಇಪ್ಪತ್ತನೆಯದರ ಹೊತ್ತಿಗೆ ನೀವು. ಕ್ರೋಮಿಯಂ ಲವಣದಲ್ಲಿ ಹದ ಮಾಡಿದ ಮೃದುವಾದ ಕ್ರೋಮ್ ಚರ್ಮವಂತೂ ಅಲಗಿನ ಮುಂದೆ ನೆರಿಗೆ ಕಟ್ಟಿಕೊಂಡು ಓಡುತ್ತದೆ.

ಕೈಗೂ ಯಂತ್ರಕ್ಕೂ ನಡುವೆ ಒಂದು ಪುಟ್ಟ ಉಪಕರಣ ಇದೆ: ಜರ್ಮನಿಯ ಶಾರ್ಫ್-ಫಿಕ್ಸ್. ಮೇಜಿಗೆ ಬಿಗಿದು ಕೂರಿಸುವಂಥದ್ದು. ಮೇಲೆ ರೇಜರ್ ಅಲಗು, ಕೆಳಗೆ ರೋಲರ್, ನಡುವಿನ ಸಂದಿಯಿಂದ ಚರ್ಮವನ್ನು ನೀವೇ ಎಳೆಯಬೇಕು. ಅಲಗು ಮೊಂಡಾದರೆ ಬಿಸಾಡಿ ಹೊಸದು ಹಾಕುವುದು, ಮಸೆಯುವ ರಗಳೆ ಇಲ್ಲ. ಪುಸ್ತಕದ ರಟ್ಟು ಕಟ್ಟುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಬಾಸೆಲ್ ಮಿಷನ್ನಿನವರು 1841ರಲ್ಲಿ ಮುದ್ರಣಾಲಯ ಶುರುಮಾಡಿದ ಊರು ನಮ್ಮದು, ಮಂಗಳೂರು. ಬೆನ್ನಿಗೆ ಚರ್ಮ ಹಾಕಿದ ಹಳೆಯ ಪುಸ್ತಕಗಳು ಇಲ್ಲಿ ಇನ್ನೂ ಮನೆಮನೆಯ ಕಪಾಟಿನಲ್ಲಿ ಸಿಗುತ್ತವೆ. ಅಂಥ ಬೆನ್ನಿನ ಚರ್ಮವನ್ನು ಬಿಚ್ಚಿ ನೋಡಿದರೆ ಮಡಚುವ ಅಂಚು ಬಹುತೇಕ ಕಾಗದದಷ್ಟು ತೆಳು. ಆಡಿನ ತೆಳು ಚರ್ಮವನ್ನು ಆ ಮಟ್ಟಕ್ಕೆ ತರಲು ಶಾರ್ಫ್-ಫಿಕ್ಸ್ ಸಾಕು. ಬೆಲ್ಟಿನ ಚರ್ಮ ಕೊಟ್ಟರೆ ಮಾತ್ರ ಅಲಗು ಬಾಗುತ್ತದೆ.

ಗಂಟೆ ಅಲಗು

ಹೆಚ್ಚಿನವರು ಕೊನೆಗೆ ಬಂದು ನಿಲ್ಲುವುದು ಇಲ್ಲೇ, ಆದ್ದರಿಂದ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ. ಹೊಲಿಗೆ ಮಿಷಿನ್ನಿನಂಥದೇ ಮೇಜು, ಕೆಳಗೆ ಮೋಟಾರು, ಕಾಲಲ್ಲಿ ಒತ್ತುವ ಪೆಡಲು. ಸೂಜಿ ಇರಬೇಕಾದಲ್ಲಿ ಗಂಟೆಯ ಹಾಗೆ ಟೊಳ್ಳಾದ ಉಕ್ಕಿನ ಅಲಗು ತಿರುಗುತ್ತದೆ. ಗಂಟೆಯ ಬಾಯಿಯೇ ಅದರ ಹರಿತ. ಚರ್ಮವನ್ನು ಮೇಲಿಂದ ಒಂದು ಪಾದ ಒತ್ತಿ ಹಿಡಿಯುತ್ತದೆ, ಕೆಳಗಿಂದ ಒಂದು ರೋಲರ್ ಮುಂದೆ ತಳ್ಳುತ್ತದೆ. ಒಳಮೈ ಕೆಳಗೆ ಮಾಡಿ ಕೊಡಬೇಕು. ಹೆರಕಲು ಗಂಟೆಯೊಳಗೆ ಬೀಳುತ್ತದೆ, ಚರ್ಮ ಮೇಲ್ಮೈಗೆ ಗೀರು ಬೀಳದೆ ಆಚೆ ಬರುತ್ತದೆ.

ಈ ಬಗೆಯ ಯಂತ್ರಕ್ಕೆ ಹೆಸರಾದದ್ದು ಜರ್ಮನಿಯ ಫೋರ್ಟುನಾ. ಆಲ್ಬರ್ಟ್ ಹಿರ್ಟ್ ಎಂಬ ಎಂಜಿನಿಯರ್ 1903ರಲ್ಲಿ ಸ್ಟುಟ್‌ಗಾರ್ಟಿನ ಕಾನ್‌ಸ್ಟಾಟ್‌ನಲ್ಲಿ ಶುರುಮಾಡಿದ ಕಾರ್ಖಾನೆ. (ಆತನ ಮಗ ವೋಲ್ಫ್ ಹಿರ್ಟ್ ಎಂಜಿನ್ ಇಲ್ಲದ ಗ್ಲೈಡರ್ ಹಾರಿಸಿ ಪ್ರಸಿದ್ಧನಾದ. ಅಪ್ಪ ಚರ್ಮ ಹಗುರ ಮಾಡಿದ, ಮಗ ವಿಮಾನ.) ಜಪಾನಿನ ನಿಪ್ಪಿ ಇನ್ನೊಂದು ಒಳ್ಳೆಯ ಹೆಸರು. ನಮ್ಮ ದೇಶದ ಪೇಟೆಗಳಲ್ಲಿ ಎಲ್ಲೆಲ್ಲೂ ಕಾಣುವುದು ಮಾತ್ರ 801 ಎಂಬ ಮಾದರಿ. ಚೀನಾದಿಂದ ಹತ್ತಾರು ಹೆಸರುಗಳಲ್ಲಿ ಬರುತ್ತದೆ, ಒಳಗೆ ಹೆಚ್ಚುಕಡಿಮೆ ಒಂದೇ. ಧಾರಾವಿಯಲ್ಲಿ, ಚೆನ್ನೈಯ ಪೆರಿಯಮೇಡಿನಲ್ಲಿ, ಆಗ್ರಾದಲ್ಲಿ ಸಣ್ಣ ಕಾರ್ಖಾನೆಗಳೆಲ್ಲ ಇದನ್ನೇ ಓಡಿಸುತ್ತವೆ.

ಫೋರ್ಟುನಾ ಹಳೆಯದು ಒಳ್ಳೆಯದೋ, 801 ಹೊಸದು ಒಳ್ಳೆಯದೋ? ಸಂಗ್ರಹಕ್ಕೆ ಕೇಳುವವರಿಗೆ ನಾನು ಫೋರ್ಟುನಾ ಎನ್ನುತ್ತೇನೆ, ಎರಡು ಮಾತಿಲ್ಲ. ಹಳೆಯ ಫೋರ್ಟುನಾದ ಶಾಫ್ಟನ್ನು ಕೈಯಲ್ಲಿ ತಿರುಗಿಸಿದರೆ ಬೆಣ್ಣೆಯ ಹಾಗೆ ತಿರುಗುತ್ತದೆ. ದುಡಿಮೆಗೆ ಕೇಳಿದರೆ 801. ಕಾರಣ ಯಂತ್ರದ ಗುಣವಲ್ಲ, ಬಿಡಿಭಾಗ. ಅಲಗು, ಪಾದ, ಸಾಣೆಕಲ್ಲು, ರೋಲರ್ ಎಲ್ಲವೂ ಸವೆಯುವ ವಸ್ತುಗಳು. ಧಾರಾವಿಗೆ ಫೋನ್ ಮಾಡಿ 801ರ ಅಲಗು ಬೇಕು ಎಂದರೆ ಮರುಮಾತಿಲ್ಲದೆ ಪಾರ್ಸೆಲ್ ಬರುತ್ತದೆ. ಬೇರೆ ಮಾದರಿಯ ಹೆಸರು ಹೇಳಿದರೆ ಫೋಟೋ ಕಳಿಸಿ ಎನ್ನುತ್ತಾರೆ, ಆಮೇಲೆ ಅಳತೆ ಕಳಿಸಿ ಎನ್ನುತ್ತಾರೆ, ಆಮೇಲೆ ಫೋನ್ ಎತ್ತುವುದಿಲ್ಲ.

ಮೋಟಾರಿನ ವಿಷಯದಲ್ಲಿ ಎಲ್ಲರೂ ಸರ್ವೋ, ಅಂದರೆ ವೇಗ ಏರಿಸಿ ಇಳಿಸಬಹುದಾದ ಮೋಟಾರು, ತೆಗೆದುಕೊಳ್ಳಿ ಎನ್ನುತ್ತಾರೆ. ಹೊಲಿಗೆ ಯಂತ್ರಕ್ಕಾದರೆ ಸರಿ. ಹೆರೆಯುವ ಯಂತ್ರಕ್ಕೆ ನನ್ನ ತಕರಾರು ಇದೆ. ಸಾಮಾನ್ಯ 801ರಲ್ಲಿ ಅಲಗು ತಿರುಗಿಸುವುದೂ ಚರ್ಮ ತಳ್ಳುವುದೂ ಒಂದೇ ಮೋಟಾರು. ಚರ್ಮ ನಿಧಾನ ಹೋಗಲಿ ಎಂದು ಸರ್ವೋದ ವೇಗ ಇಳಿಸಿದರೆ ಅಲಗೂ ನಿಧಾನವಾಗುತ್ತದೆ, ನಿಧಾನವಾದ ಅಲಗು ಕೊಯ್ಯುವ ಬದಲು ಜಗಿಯುತ್ತದೆ. ಸದ್ದು ಮಾಡಿದರೂ ನಿಮಿಷಕ್ಕೆ 2,800 ಸುತ್ತಿನ ಆಸುಪಾಸಿನಲ್ಲಿ ಒಂದೇ ವೇಗಕ್ಕೆ ಓಡುವ ಹಳೆಯ ಕ್ಲಚ್ ಮೋಟಾರೇ ನನಗೆ ಇಷ್ಟ. ಅಲಗಿಗೂ ರೋಲರಿಗೂ ಬೇರೆ ಬೇರೆ ಮೋಟಾರು ಇರುವ ಮಾದರಿಗಳು ಇವೆ. ಕೈಯಲ್ಲಿ ಹಣ ಇದ್ದರೆ ಅದು ಎಲ್ಲದಕ್ಕಿಂತ ಮೇಲು.

ರೋಲರಿನಲ್ಲೂ ಬಗೆಗಳಿವೆ. ಯಂತ್ರದ ಜೊತೆ ಬರುವುದು ಸಾಣೆಕಲ್ಲಿನಂಥ ಒರಟು ಕಲ್ಲಿನ ರೋಲರ್, ಸಾಧಾರಣ ಕೆಲಸಕ್ಕೆ ಇದೇ ಸಾಕು. ಗಟ್ಟಿ ವೆಜ್ ಟ್ಯಾನ್ (ಮರದ ತೊಗಟೆಯಂಥವುಗಳ ರಸದಲ್ಲಿ ಹದ ಮಾಡಿದ) ಚರ್ಮಕ್ಕೆ ಹಲ್ಲಿರುವ ಉಕ್ಕಿನದು ಚೆನ್ನಾಗಿ ಕಚ್ಚುತ್ತದೆ.

ಹೊಸಬರು ಸೋಲುವುದು ಅಲಗು ಮಸೆಯುವುದರಲ್ಲಿ. ಯಂತ್ರದಲ್ಲೇ ಒಂದು ಸಣ್ಣ ಸಾಣೆಕಲ್ಲು ಇರುತ್ತದೆ. ಅಲಗು ತಿರುಗುವಾಗ ಅದರ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದರೆ ಕಿಡಿ ಹಾರುತ್ತದೆ. ಸುತ್ತಲೂ ಸಮನಾಗಿ ಕಿಡಿ ಬಂದರೆ ನಿಲ್ಲಿಸಬೇಕು. ಗಂಟೆಯ ಒಳಬದಿ ಮಸೆದದ್ದರಿಂದ ಹೊರಬದಿಗೆ ಉಕ್ಕಿನ ಒಂದು ಸಣ್ಣ ಮುರು, ಅಂದರೆ ಎದ್ದ ಎಳೆ, ಮಗುಚಿಕೊಂಡಿರುತ್ತದೆ. ಸಣ್ಣ ಕಲ್ಲಿನಿಂದ ಅದನ್ನು ತೆಗೆಯದೆ ಚರ್ಮ ಕೊಟ್ಟರೆ, ಹೊಸದಾಗಿ ಮಸೆದ ಅಲಗೇ ಚರ್ಮವನ್ನು ಹರಿಯುತ್ತದೆ. ನಾನು ಎರಡು ವಾರ ಪಾದದ ಎತ್ತರ, ಓರೆ, ಒತ್ತಡ ಎಲ್ಲ ಬದಲಿಸಿ ನೋಡಿ ಸುಸ್ತಾದೆ. ತಪ್ಪು ಇದ್ದದ್ದು ಆ ಮುರಿನಲ್ಲಿ. ಮಸೆದಷ್ಟೂ ಅಲಗು ಗಿಡ್ಡವಾಗುತ್ತದೆ, ಆದ್ದರಿಂದ ಪ್ರತಿ ಸಲವೂ ಅದನ್ನು ಪಾದದ ಹತ್ತಿರಕ್ಕೆ ತಳ್ಳಬೇಕು, ಪಾದಕ್ಕೆ ತಾಗಿಸಬಾರದು. ತಾಗಿದರೆ ಆ ಸದ್ದು ಜನ್ಮದಲ್ಲಿ ಮರೆಯುವುದಿಲ್ಲ. ಮಸೆಯುವ ಮೊದಲು ಕೆಳಗೆ ಬಿದ್ದ ಹೆರಕಲನ್ನೂ ದೂಳನ್ನೂ ಗುಡಿಸಿ. ಕಿಡಿಯೂ ಒಣಗಿದ ಚರ್ಮದ ದೂಳೂ ಒಂದೇ ಕಡೆ ಇರುವುದು ಒಳ್ಳೆಯದಲ್ಲ.

ಮದ್ದಳೆಯ ಮುಚ್ಚಿಗೆಗೆ ತರುವಂಥ ಹದ ಮಾಡದ ಒಣ ತೊಗಲನ್ನು ಇದಕ್ಕೆ ಕೊಡಬೇಡಿ. ಯಕ್ಷಗಾನದ ಗೆಳೆಯರೊಬ್ಬರು ಕೇಳಿದ್ದರು, ಸಂಕೋಚ ಬಿಟ್ಟು ಇಲ್ಲ ಎಂದೆ.

ಸೀಳುವ ಯಂತ್ರ, ಮತ್ತು ಗುಜರಿಯ ಆಸೆ

ಸೀಳುವ ಯಂತ್ರಗಳಲ್ಲಿ ಎಳೆಯುವುದು, ತಿರುಗಿಸುವುದು, ಕರೆಂಟಿನದ್ದು ಎಂದು ಮೂರು ಬಗೆ.

ಎಳೆಯುವುದರಲ್ಲಿ ಅಗಲವಾದ ಅಲಗು ಅಲುಗಾಡದೆ ಕುಳಿತಿರುತ್ತದೆ. ಅದರ ಎದುರಿನ ರೋಲರನ್ನು ಹಿಡಿಯಿಂದ ಎತ್ತಿ ಇಳಿಸಿ ದಪ್ಪ ಗೊತ್ತುಮಾಡುವುದು, ಪಟ್ಟಿಯನ್ನು ನಡುವೆ ತೂರಿಸಿ ಎರಡೂ ಕೈಯಲ್ಲಿ ಎಳೆಯುವುದು. ಅಮೆರಿಕದ ಸಿ. ಎಸ್. ಓಸ್ಬಾರ್ನ್ ಕಂಪನಿಯ 84ನೇ ನಂಬರಿನದು ಇದರಲ್ಲಿ ಹೆಸರುವಾಸಿ. 1826ರಿಂದ ಚರ್ಮದ ಉಪಕರಣ ಮಾಡುತ್ತಿರುವವರು ಅವರು. ತಿರುಗಿಸುವುದರಲ್ಲಿ ಸೇಂಟ್ ಲೂಯಿಸಿನ ಲ್ಯಾಂಡಿಸ್ 30. ಆರು ಅಂಗುಲ ಅಗಲದ ಅಲಗು, ಪಕ್ಕದಲ್ಲಿ ಹಿಡಿ. ತಿರುಗಿಸಿದರೆ ರೋಲರುಗಳೇ ಚರ್ಮವನ್ನು ಅಲಗಿನ ಬಾಯಿಗೆ ಕೊಂಡೊಯ್ಯುತ್ತವೆ. ಹಳೇ ಮನೆಗಳ ಕಬ್ಬಿನ ಗಾಣವನ್ನು ಕುಬ್ಜ ಮಾಡಿ ಮೇಜಿಗೆ ಕೂರಿಸಿದ ಹಾಗೆ ಕಾಣುತ್ತದೆ.

ಎರಡಕ್ಕೂ ಗಟ್ಟಿಯಾದ ವೆಜ್ ಟ್ಯಾನ್ ಚರ್ಮವೇ ಬೇಕು. ಮೃದು ಚರ್ಮ ಎಳೆದರೆ ಹಿಗ್ಗುತ್ತದೆ, ಹಿಗ್ಗಿದ್ದು ಅಲೆಅಲೆಯಾಗಿ ಕೊಯ್ಯಲ್ಪಡುತ್ತದೆ. ಬೆಲ್ಟಿನವರಿಗೆ ತಿರುಗಿಸುವುದೇ ಮೇಲು. 3.5 ಮಿ.ಮೀ. ಬೆಲ್ಟನ್ನು ಬಕಲ್ ಹತ್ತಿರ ಮಡಚಿದರೆ 7 ಮಿ.ಮೀ. ಆಗುತ್ತದೆ. ತುದಿಯ ಮೂರು ಅಂಗುಲವನ್ನು ಅರ್ಧಕ್ಕೆ ಇಳಿಸಿ ಮಡಚಿದರೆ ಬೆಲ್ಟಿನ ದಪ್ಪವೇ ಉಳಿಯುತ್ತದೆ. ಪಟ್ಟಿಯ ತುದಿಯನ್ನು ಮಾತ್ರ ಒಳಗೆ ಕೊಟ್ಟು ಹಿಡಿಯನ್ನು ಹಿಂದಕ್ಕೆ ತಿರುಗಿಸಿ ಹೊರತೆಗೆಯಬಹುದು, ಎಳೆಯುವ ಯಂತ್ರದಲ್ಲಿ ಅದಕ್ಕೆ ಕೈ ಪಳಗಬೇಕು. ಅಮೆರಿಕದವರು ದಪ್ಪವನ್ನು ಔನ್ಸಿನಲ್ಲಿ ಹೇಳುತ್ತಾರೆ. ಒಂದು ಔನ್ಸ್ ಎಂದರೆ ಅಂಗುಲದ 64ನೇ ಒಂದು ಭಾಗ, ಸುಮಾರು 0.4 ಮಿ.ಮೀ. 8 ಔನ್ಸ್ ಎಂದು ಕಂಡರೆ 3.2 ಮಿ.ಮೀ. ಎಂದು ಓದಿಕೊಳ್ಳಿ.

ನನ್ನ ಮೊದಲ ಯಂತ್ರ ಎಳೆಯುವ ಬಗೆಯದ್ದು, ಎಂಟು ಅಂಗುಲದ್ದು. ಮಂಗಳೂರು ಬಂದರಿನ ಕಡೆಯ ಗುಜರಿ ಅಂಗಡಿಯೊಂದರಲ್ಲಿ, ದೋಣಿಯ ಎಂಜಿನ್ ತುಂಡುಗಳ ಅಡಿಯಲ್ಲಿ ಸಿಕ್ಕಿತು. "ಇದು ಎಂತದು?" ಎಂದು ಕೇಳಿದರೆ ಅಂಗಡಿಯವರು, "ನಿಮಗೆ ಗೊತ್ತಿದ್ದರೆ ನೀವೇ ಹೇಳಿ ಮಾರಾಯ್ರೆ, ನಾನು ಕಬ್ಬಿಣದ ತೂಕಕ್ಕೆ ಕೊಡುವುದು" ಎಂದರು. ತೂಕಕ್ಕೇ ಸಿಕ್ಕಿತಲ್ಲ ಎಂಬ ಖುಷಿಯಲ್ಲಿ ಅಲಗನ್ನು ಸರಿಯಾಗಿ ನೋಡಲಿಲ್ಲ. ಯಾರೋ ಮಸೆದು ಮಸೆದು ಅಗಲ ಮುಗಿಸಿದ್ದರು. ಮುಂದೆ ತಳ್ಳಲು ಇರುವ ತೂತುಗಳ ಕೊನೆಗೆ ಬಂದು ನಿಂತಿತ್ತು. ಇದ್ದಷ್ಟನ್ನಾದರೂ ಹರಿತ ಮಾಡೋಣ ಎಂದು ಸಾಣೆ ಹಿಡಿಯುವ ಅಂಗಡಿಯೊಂದಕ್ಕೆ ಕೊಟ್ಟೆ. ಸಂಜೆ ತರಲು ಹೋದಾಗ ಅಲಗು ಕನ್ನಡಿಯ ಹಾಗೆ ಹೊಳೆಯುತ್ತಿತ್ತು, ಅಂಚಿನುದ್ದಕ್ಕೆ ನವಿಲಿನ ಕತ್ತಿನಂಥ ನೀಲಿ. ಚಂದ ಉಂಟು ಎಂದುಕೊಂಡೇ ಮನೆಗೆ ತಂದೆ. ಒಣ ಸಾಣೆಯ ಬಿಸಿಗೆ ಉಕ್ಕಿನ ಹದ ಹೋದರೆ ಆ ನೀಲಿ ಬರುತ್ತದೆ ಎಂದು ಗೊತ್ತಾದದ್ದು ಆಮೇಲೆ. ಎರಡು ಪಟ್ಟಿ ಎಳೆಯುವಷ್ಟರಲ್ಲಿ ಹರಿತ ಮಾಯ. ನಾಲ್ಕನೆಯ ಯಂತ್ರ ಎಂದೆನಲ್ಲ, ಅದೇ ಇದು.

ಹಳೆಯದನ್ನು ಕೊಳ್ಳುವವರು ಮೊದಲು ಅಲಗು ನೋಡಬೇಕು: ಎಷ್ಟು ಅಗಲ ಉಳಿದಿದೆ, ಕಚ್ಚು ಬಿದ್ದಿದೆಯೋ, ಅಂಚು ನೇರ ಇದೆಯೋ. ಮೇಲಿನ ತುಕ್ಕಿಗೆ ಹೆದರಬೇಡಿ, ಸೀಮೆಎಣ್ಣೆಯಲ್ಲಿ ನೆನೆಸಿಟ್ಟರೆ ಬಿಡುತ್ತದೆ. ಹರಿತದ ಅಂಚಿನಲ್ಲಿ ತುಕ್ಕು ತಿಂದು ಗುಳಿ ಬಿದ್ದಿದ್ದರೆ ಮಾತ್ರ ಆ ಗುಳಿಯ ಆಳದಷ್ಟೂ ಉಕ್ಕನ್ನು ಮಸೆದು ತೆಗೆಯಬೇಕು. ಆಮೇಲೆ ರೋಲರ್ ಮತ್ತು ಅಲಗಿನ ನಡುವೆ ಎಡತುದಿಯಲ್ಲೊಂದು, ಬಲತುದಿಯಲ್ಲೊಂದು ಕಾಗದದ ತುಂಡು ಇಟ್ಟು ರೋಲರನ್ನು ಮೆಲ್ಲಗೆ ಏರಿಸಿ. ಎರಡೂ ಒಟ್ಟಿಗೆ ಬಿಗಿಯಾಗಬೇಕು. ಎರಕದ ಕಬ್ಬಿಣದ ಚೌಕಟ್ಟಿನಲ್ಲಿ ಬಿರುಕು ಕಂಡರೆ ಬಿಟ್ಟುಬಿಡಿ, ಬೆಸುಗೆ ಸುಲಭಕ್ಕೆ ನಿಲ್ಲುವುದಿಲ್ಲ. ತಿರುಪುಗಳು ಕಾಣೆಯಾಗಿದ್ದರೆ ಲೇತಿನವರಿಗೆ ಮೊದಲೇ ಹೇಳಿ. ಹಳೆಯ ಅಮೆರಿಕದ ಯಂತ್ರಗಳ ಮರೆ (ತಿರುಪಿನ ಸುತ್ತುಗೀರು) ಅಂಗುಲದ ಲೆಕ್ಕದ್ದು, ಮಿಲಿಮೀಟರಿನ ಬೋಲ್ಟನ್ನು ಬಲವಂತವಾಗಿ ತುರುಕಿದರೆ ಇದ್ದ ಮರೆಯೂ ಹೋಗುತ್ತದೆ. ಹೊಸ ಬಣ್ಣ ಬಳಿಯಬೇಡಿ. ಸಂಗ್ರಹಕಾರರು ಹುಡುಕುವುದು ಹಳೆಯ ಕಪ್ಪು ಬಣ್ಣವನ್ನು, ಎರಕದಲ್ಲೇ ಮೂಡಿದ ಪೇಟೆಂಟ್ ತಾರೀಕನ್ನು. ಹಿತ್ತಾಳೆಯ ಗುಂಡಿ ಇದ್ದರೆ ಅಮ್ಮ ಹಂಡೆ ಉಜ್ಜುವ ಹಾಗೆ ಬಿಂಬುಳಿಯಲ್ಲಿ ಉಜ್ಜಿ. ಆ ಹುಳಿಯನ್ನು ಅಲಗಿನ ಹತ್ತಿರಕ್ಕೆ ಮಾತ್ರ ತರಬೇಡಿ.

ಮೂರನೆಯದು ಕರೆಂಟಿನದ್ದು, ಬ್ಯಾಂಡ್ ನೈಫ್. ಮರದ ಮಿಲ್ಲಿನ ಬ್ಯಾಂಡ್ ಗರಗಸದಂತೆ ಸುತ್ತುವ ಉಕ್ಕಿನ ಪಟ್ಟಿ, ಅದನ್ನು ಓಡುತ್ತಿರುವಾಗಲೇ ಮಸೆಯುವ ಕಲ್ಲುಗಳು. ಮೃದು ಚರ್ಮವನ್ನೂ ಮಿಲಿಮೀಟರಿನ ಹತ್ತನೇ ಒಂದಂಶದ ಲೆಕ್ಕದಲ್ಲಿ ಸೀಳುತ್ತದೆ. ನೂರಾರು ಕಿಲೋ ಭಾರ, ಲಕ್ಷಗಳ ಮಾತು. ಒಬ್ಬರೇ ಕುಳಿತು ಕೆಲಸ ಮಾಡುವವರು ಇದರ ಕನಸು ಕಾಣುವ ಬದಲು ಚೆನ್ನೈ, ರಾಣಿಪೇಟೆ, ಅಂಬೂರು ಕಡೆಯಿಂದ ಚರ್ಮ ತರಿಸುವಾಗಲೇ ಬೇಕಾದ ದಪ್ಪ ಹೇಳಿ ಸೀಳಿಸಿಕೊಂಡರೆ ಮುಗಿಯಿತು.

ಮಳೆಗಾಲ

ಬೆಂಗಳೂರಿನವರ ಸಲಹೆ ನಮಗೆ ಪೂರ್ತಿ ಹೊಂದುವುದಿಲ್ಲ. ಇಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಸುರಿಯುವ ಮಳೆ ಮೂರು ಸಾವಿರ ಮಿ.ಮೀ.ಗೂ ಮಿಕ್ಕಿ, ಮೇಲಿಂದ ಕಡಲಿನ ಉಪ್ಪುಗಾಳಿ. ಜುಲೈ-ಆಗಸ್ಟಿನ ಆಟಿ ತಿಂಗಳಲ್ಲಿ ಒಂದು ವಾರ ಮುಟ್ಟದೆ ಬಿಟ್ಟ ಗಂಟೆ ಅಲಗಿನ ಬಾಯಿಯಲ್ಲಿ ಕೆಂಪು ಚುಕ್ಕಿ ಏಳುತ್ತದೆ. ದಿನದ ಕೆಲಸ ಮುಗಿದ ಮೇಲೆ ಹೊಲಿಗೆ ಮಿಷಿನ್ ಎಣ್ಣೆಯ ಬಟ್ಟೆಯಲ್ಲಿ ಒರೆಸಿ, ಬೆಳಿಗ್ಗೆ ಬೇಡದ ಚೂರೊಂದನ್ನು ಕೊಟ್ಟು ಆ ಎಣ್ಣೆ ತೆಗೆಯಿರಿ, ಇಲ್ಲದಿದ್ದರೆ ಗಿರಾಕಿಯ ಚರ್ಮಕ್ಕೆ ಕಲೆ. ಬಿಡಿ ಅಲಗುಗಳನ್ನು ನಾನು ಹಳೆಯ ಬಲ್ಬು ಉರಿಸಿಟ್ಟ ಕಪಾಟಿನಲ್ಲಿ ಇಡುತ್ತೇನೆ. ಚರ್ಮಕ್ಕೂ ಅದೇ ಕಪಾಟು, ಇಲ್ಲವಾದರೆ ಬೂಸು.

ಚರ್ಮವೂ ತೇವ ಹೀರಿ ಮೆತ್ತಗಾಗುತ್ತದೆ. ಏಪ್ರಿಲಿನಲ್ಲಿ ಸರಿಯಾಗಿ ಹೆರೆದ ಅಳತೆಯಲ್ಲೇ ಜುಲೈಯಲ್ಲಿ ಕೊಟ್ಟರೆ ಅಂಚು ಹಿಗ್ಗಿ ಹರಿಯಬಹುದು. ಪಾದದ ಒತ್ತಡ ಸ್ವಲ್ಪ ಸಡಿಲಿಸಿ ಎರಡು ಸಲಕ್ಕೆ ಹೆರೆಯುವುದು ನನ್ನ ರೂಢಿ.

ಕೊಳ್ಳಲು ಹೋಗುವಾಗ

ನಿಮ್ಮದೇ ಚರ್ಮ ತೆಗೆದುಕೊಂಡು ಹೋಗಿ. ಅಂಗಡಿಯವರು ತೋರಿಸುವ ಚೂರು ಆ ಯಂತ್ರಕ್ಕೆ ಒಗ್ಗಿದ್ದೇ ಆಗಿರುತ್ತದೆ, ದೊರಗು, ಗಟ್ಟಿ, ಯಾರು ಕೊಟ್ಟರೂ ಚೆನ್ನಾಗಿ ಹೆರೆಯುವಂಥದ್ದು. ನೀವು ದಿನವೂ ಹೊಲಿಯುವ ಚರ್ಮದಲ್ಲಿ ಒಂದು ಗೇಣು ಉದ್ದದ ನಾಲ್ಕು ಪಟ್ಟಿ ಕೊಯ್ದು ಇಟ್ಟುಕೊಳ್ಳಿ. ಒಂದನ್ನು ಅವರು ಓಡಿಸಲಿ. ಎರಡನೆಯದನ್ನು ನೀವೇ ಓಡಿಸಿ. ಮೂರನೆಯದರ ಮೊದಲು ಅಲಗು ಮಸೆದು ತೋರಿಸಿ ಎನ್ನಿ. ಅವರಿಗೆ ಮಸೆಯಲು ಬರದಿದ್ದರೆ ಆ ಯಂತ್ರ ಮಾರಿದ ಮೇಲೆ ನಿಮ್ಮ ಫೋನಿಗೂ ಉತ್ತರ ಬರಲಿಕ್ಕಿಲ್ಲ. ನಾಲ್ಕನೆಯದನ್ನು ಬಾಗಿದ ಅಂಚು ಮಾಡಿ ಕೊಟ್ಟು ನೋಡಿ, ತಿರುವಿನಲ್ಲಿ ಸಿಕ್ಕಿಹಾಕಿಕೊಂಡರೆ ಪಾದ ಅಗಲವಾಯಿತು ಎಂದು ಅರ್ಥ, ಕಿರಿದಾದ ಇನ್ನೊಂದು ಪಾದ ಸೇರಿಸಿ ದರ ಮಾತಾಡಿ. ಬಿಡಿ ಅಲಗು ಎರಡು, ಸಾಣೆಕಲ್ಲು ಒಂದು ಅದೇ ಬಿಲ್ಲಿನಲ್ಲಿ ಬರಲಿ.

ಹಣ ಅಲ್ಲೇ ಕೊಡಬೇಡಿ. ನಾಲ್ಕೂ ಪಟ್ಟಿಗಳನ್ನು ಜೇಬಿಗೆ ಹಾಕಿಕೊಂಡು ಹೋಟೆಲಿಗೆ ಹೋಗಿ ಒಂದು ಚಾ ಹೇಳಿ, ಹೆರೆದ ಅಂಚಿನ ಎರಡೂ ತುದಿಗೆ, ನಡುವಿಗೆ ಕ್ಯಾಲಿಪರ್ ಹಚ್ಚಿ ಅಳೆಯಿರಿ. ನನ್ನ 801 ಕೊಳ್ಳುವ ದಿನ ಅಂಚು ಮೂರೂ ಕಡೆ 0.5, 0.5, 0.6 ಬಂದಿತ್ತು. ಆ ಪಟ್ಟಿಯ ಮೇಲೆ ತಾರೀಕು ಬರೆದು ಯಂತ್ರದ ಪಕ್ಕದ ಮೊಳೆಗೆ ನೇತುಹಾಕಿದ್ದೇನೆ. ಕೆಲಸ ಕೆಟ್ಟ ದಿನ ಮೊದಲು ಕೈ ಹೋಗುವುದು ಅದಕ್ಕೇ.